ಸಿಹಿನೀರಿನ ಮೀನು

ಕೆಮ್ಮಣ್ಣು
14 ಫೆಬ್ರವರಿ 2024

ನನ್ನ ಸೊಸೆ ದೀಕ್ಷಿತಾಳಿಗೆ ಮಾಮಿಯ ಆಶೀರ್ವಾದ.

ಕಾಗದ ಕಂಡು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀ, ನಾನು ಬೈಯುತ್ತೇನೆ, ಕೊನೆಗೆ ಇಬ್ಬರೂ ನೆಟ್‌ವರ್ಕ್ ಇಲ್ಲವೆಂದು ಸುಳ್ಳು ಹೇಳಿ ಇಡುತ್ತೇವೆ. ಅದಕ್ಕೇ ಬರೆಯಲು ಕೂತೆ. ಮೀನು ಮಾರಿದ ಕೈ ಇದು. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನೀನು ತವರಿಗೆ ಹೋಗಿ ತಿಂಗಳಾಗುತ್ತ ಬಂತು. ಮಣಿಪಾಲದ ಕೆಲಸಕ್ಕೆ ಕಾಪುವಿನಿಂದ ಹೋಗಿ ಬರುವುದೇ ಸುಲಭ ಎಂದು ಹೇಳಿ ಹೋದೆ. ಮಣಿಪಾಲ ಯಾವ ಊರಿಗೆ ಹತ್ತಿರ ಎಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ.

ಮೊನ್ನೆ ಕೆಡ್ಡಸ. ಭೂಮಿತಾಯಿ ಮುಟ್ಟಾಗುವ ಆ ಮೂರು ದಿನ ಮಣ್ಣಿಗೆ ಕತ್ತಿ ಗುದ್ದಲಿ ತಾಗಿಸಬಾರದು, ಹಸಿರು ಕೊಯ್ಯಬಾರದು. ಆದರೆ ಧನರಾಜನ ತೊಟ್ಟಿಯ ಹರಿವೆ ಕೊಯ್ಲಿಗೆ ಬಂದು ನಿಂತಿತ್ತು. ಅದು ಇರುವುದು ಮಣ್ಣಿನಲ್ಲಲ್ಲ. ಕೆಳಗಿನ ತೊಟ್ಟಿಯಲ್ಲಿ ಮೀನು, ಮೇಲೆ ಉದ್ದಕ್ಕೆ ಸೀಳಿದ ನೀಲಿ ಡ್ರಮ್ಮುಗಳಲ್ಲಿ ಜಲ್ಲಿ, ಜಲ್ಲಿಯಲ್ಲಿ ಗಿಡ. ಮೀನಿನ ಹೊಲಸು ನೀರು ಪಂಪಿನಲ್ಲಿ ಮೇಲೆ ಹೋಗಿ ಗಿಡಕ್ಕೆ ಗೊಬ್ಬರವಾಗುತ್ತದೆ, ಗಿಡ ಅದನ್ನು ತಿಳಿ ಮಾಡಿ ಮೀನಿಗೆ ವಾಪಸು ಕೊಡುತ್ತದೆ. ಇದನ್ನು ನಿನಗೆ ವಿವರಿಸುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ನೀವಿಬ್ಬರೂ ಒಟ್ಟಿಗೆ ಹೋಗಿ ಕಲಿತು ಬಂದದ್ದಲ್ಲವೇ? ನಾನು ಹೇಳಲು ಹೊರಟದ್ದು ನನ್ನ ಅಣ್ಣ ಬೂಬಣ್ಣನ ಮಾತು.

"ಎಂತ ಅಕ್ಕು, ಮಣ್ಣೇ ಇಲ್ಲದ ಕಡೆ ಎಂತದು ಕೆಡ್ಡಸ? ಕೊಯ್ದು ಪಲ್ಯ ಮಾಡು ಮಾರಾಯ್ತಿ" ಎಂದ.

"ಜಲ್ಲಿ ಎಲ್ಲಿಂದ ಬಂತು ಹಾಗಾದರೆ? ಆಕಾಶದಿಂದ ಬಿತ್ತಾ?" ಎಂದು ಕೇಳಿದೆ.

ಕೊಯ್ಯಲಿಲ್ಲ. ಕೊನೆಯ ದಿನ ತುಳಸಿಕಟ್ಟೆಯ ಬಳಿ ಭೂಮಿಗೆ ಎಣ್ಣೆ ಬಿಟ್ಟೆ. ಜಲ್ಲಿಗೂ ಬಿಡಲು ಕೈ ಎತ್ತಿದವಳು ಕೆಳಗಿನ ಮೀನುಗಳ ನೆನಪಾಗಿ ಹಿಂದೆ ತೆಗೆದೆ.

ಊರಿನವರಿಗೆ ನಾನು ಈಗ ಮುಳುಗಿದ ಬೋಟಿನ ಧನರಾಜನ ತಾಯಿ. ಉಳಿದವರನ್ನೆಲ್ಲ ಇನ್ನೊಂದು ಬೋಟಿನವರು ಎತ್ತಿಕೊಂಡರು, ಇವನೊಬ್ಬ ಸಿಗಲಿಲ್ಲ. ಸಿಗಲಿಲ್ಲ ಎಂದರೆ ಸಿಗಲಿಲ್ಲ, ಅಷ್ಟೇ. ಅದಕ್ಕೆ ಬೇರೆ ಅರ್ಥ ಹಚ್ಚುವವರ ಜೊತೆ ನಾನು ಮಾತಾಡುವುದಿಲ್ಲ. ಅಂದಿನಿಂದ ಕಡಲ ಮೀನನ್ನು ಈ ಮನೆಯೊಳಗೆ ತಂದಿಲ್ಲ. ಯಾಕೆಂದು ನೀನು ಒಮ್ಮೆಯೂ ಕೇಳಲಿಲ್ಲ, ಅದಕ್ಕೆ ನಿನ್ನ ಮೇಲೆ ನನಗೆ ಪ್ರೀತಿ.

ತೊಟ್ಟಿಯ ತಿಲಾಪಿಯಾಗಳು ಅಂಗೈ ಉದ್ದಕ್ಕೆ ಬಂದಿವೆ. ಧನರಾಜ ಬರುವ ಹೊತ್ತಿಗೆ ಸಾರಿಗೆ ಸರಿಯಾಗುತ್ತವೆ. ನೀನು ಯಾವಾಗ ಬರುತ್ತೀ?

ನಿನ್ನ ಮಾಮಿ
ಅಕ್ಕು


ಕಾಪು
3 ಮಾರ್ಚ್ 2024

ಪ್ರೀತಿಯ ಮಾಮಿಗೆ ದೀಕ್ಷಿತಾಳ ನಮಸ್ಕಾರಗಳು.

ನಿಮ್ಮ ಜಲ್ಲಿಯ ವಾದ ಓದಿ ನಕ್ಕುಬಿಟ್ಟೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದು ಬಾಗಿಲಲ್ಲಿ ನಿಂತು ನೋಡಿದರು. ನನ್ನ ನಗು ಕೇಳದೆ ಅವರಿಗೂ ಬಹಳ ಕಾಲವಾಗಿತ್ತು.

ನೀವು ಕೇಳದಿದ್ದರೂ ಹೇಳುತ್ತೇನೆ. ಮಣಿಪಾಲಕ್ಕೆ ಕೆಮ್ಮಣ್ಣೇ ಹತ್ತಿರ. ನಾನು ಬಸ್ಸಿನ ಅನುಕೂಲಕ್ಕಾಗಿ ಬಂದವಳಲ್ಲ. ನೀವು ದಿನಾ ಊಟಕ್ಕೆ ಕೂರುವಾಗ ಅವರಿಗೂ ಒಂದು ತಟ್ಟೆ ಇಡುತ್ತಿದ್ದಿರಿ. "ಬಾ ಮಗಾ, ಉಣ್ಣು" ಎನ್ನುತ್ತಿದ್ದಿರಿ. ಆ ತಟ್ಟೆಯ ಎದುರು ಕೂತರೆ ನಾನು ಉಣ್ಣದೆ ಅನ್ನ ಕಲಸುತ್ತಲೇ ಇರುತ್ತಿದ್ದೆ. ಎದ್ದು ಹೋದರೆ ನಿಮಗೆ ನೋವು, ಕೂತರೆ ನನಗೆ.

ಹೋದ ವಾರ ಇಲ್ಲಿ ನಮ್ಮ ಮನೆಯಲ್ಲೇ ಸುಕೇಶಣ್ಣನ ಹೆಂಡತಿಯ ಸೀಮಂತ ಇತ್ತು. ನಾನು ಒಳಗೆ ಪಾತ್ರೆ ತೊಳೆಯುತ್ತ ಇರುತ್ತೇನೆ ಎಂದೆ, ಅಣ್ಣ ಕೇಳಲಿಲ್ಲ, ಕರೆದುಕೊಂಡು ಬಂದು ಕೂರಿಸಿದ. ನಮ್ಮ ನೆಂಟರ ಹುಡುಗಿ ಚೈತಾಲಿ ಹೆಂಗಸರ ಸಾಲಿಗೆ ಕುಂಕುಮ ಕೊಡುತ್ತ ಬಂದಳು. ನನ್ನ ಎದುರು ಬಂದು ನಿಂತುಬಿಟ್ಟಳು. ಕೊಡಬೇಕೋ ದಾಟಬೇಕೋ ಅವಳಿಗೆ ತಿಳಿಯಲಿಲ್ಲ. ನನ್ನ ಕತ್ತಿನ ಕರಿಮಣಿ ನೋಡಿದಳು, ಮುಖ ನೋಡಿದಳು, ತಟ್ಟೆಯನ್ನು ಬೆಂಚಿನ ಮೇಲಿಟ್ಟು ನೀರು ಕುಡಿಯಲು ಒಳಗೆ ಹೋದಳು. ಪಾಪ, ಅವಳ ತಪ್ಪೇನಿಲ್ಲ. ನಾನು ಯಾರೆಂದು ನನಗೇ ಗೊತ್ತಿಲ್ಲವಲ್ಲ ಮಾಮಿ.

ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ಆಟಿ ಅಮಾವಾಸ್ಯೆ ಬರುವ ಮೊದಲು ಉತ್ತರಕ್ರಿಯೆ ಮುಗಿಸುವುದು ಒಳ್ಳೆಯದು ಎಂದು ಬೂಬ ಮಾವ ಅಣ್ಣನ ಹತ್ತಿರ ಹೇಳಿದರಂತೆ. ದೇಹ ಸಿಗದವರಿಗೂ ಬೊಜ್ಜ ಮಾಡುವ ಕ್ರಮ ಉಂಟಂತೆ. ಆದರೆ ಹೆತ್ತ ತಾಯಿ ಒಪ್ಪದೆ ಯಾರೂ ಮುಂದೆ ಬರುವುದಿಲ್ಲ. ನೀವು ಒಪ್ಪಬೇಕೆಂದು ಕೇಳಿಕೊಳ್ಳುತ್ತೇನೆ. ನನಗೆ ಇನ್ನೊಂದು ಮದುವೆಯ ಅವಸರ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಅಳಲು ಒಂದು ದಿನ ಬೇಕು. ಎಲ್ಲರ ಎದುರು, ಗಂಟಲು ಬಿಟ್ಟು.

ನಿಮ್ಮ
ದೀಕ್ಷಿತಾ


ಕೆಮ್ಮಣ್ಣು
10 ಮಾರ್ಚ್ 2024

ದೀಕ್ಷಿತಾ,

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಿನ್ನ ಕಾಲ ಇಷ್ಟು ಬೇಗ ಬಂತೆಂದು ನನಗೆ ತಿಳಿದಿರಲಿಲ್ಲ.

ಬದುಕಿರುವವನ ಹೆಸರಿನಲ್ಲಿ ಎಲೆ ಹಾಕಿ ಬಡಿಸಿದರೆ ಅವನ ಆಯುಸ್ಸಿಗೆ ಕೇಡು. ಬೂಬಣ್ಣನನ್ನು ಅಂಗಳದಿಂದಲೇ ವಾಪಸು ಕಳಿಸಿದ್ದೇನೆ. ನೀನು ಅಂಗಳಕ್ಕೂ ಬರಲಿಲ್ಲ, ಆದ್ದರಿಂದ ಬರೆದು ತಿಳಿಸಬೇಕಾಯಿತು.

ನನ್ನ ಮಗನ ಮೀನುಗಳು ಬೆಳೆಯುತ್ತಿವೆ. ಅವನು ಬಂದು ತಿನ್ನುತ್ತಾನೆ. ಅಳುವವರು ಅಳಲಿ.

ಅಕ್ಕು


ಮಣಿಪಾಲ
16 ಏಪ್ರಿಲ್ 2024

ಮಾಮಿಗೆ ನಮಸ್ಕಾರ.

ಇದು ತೊಟ್ಟಿಯ ವಿಷಯ ಮಾತ್ರ. ಬೇರೆ ಏನೂ ಬರೆಯುವುದಿಲ್ಲ, ಓದದೆ ಹರಿಯಬೇಡಿ.

ವಿಷು ಕಳೆದ ಮೇಲೆ ನಮ್ಮ ಬಾವಿಗೆ ಹೊಳೆಯ ಉಪ್ಪು ಹತ್ತುತ್ತದೆ. ತೊಟ್ಟಿಯ ನೀರು ಇಳಿದಾಗ ಬಾವಿಯದ್ದನ್ನು ಹಾಕಬೇಡಿ. ಪಕ್ಕದ ಲಿಯೋನೆಲಣ್ಣನ ಮನೆಯಲ್ಲಿ ನಳ್ಳಿ ನೀರು ಬರುತ್ತದೆ, ಅದನ್ನು ತಂದು ಒಂದು ದಿನ ಬಕೆಟಿನಲ್ಲಿ ತೆರೆದಿಟ್ಟು ಆಮೇಲೆ ಹಾಕಿ. ಮಧ್ಯಾಹ್ನದ ಬಿಸಿಲಿಗೆ ತೆಂಗಿನ ಮಡಲು ಅಡ್ಡ ಇಡಿ. ಗಾಳಿಮಳೆಗೆ ಕರೆಂಟು ಹೋಗಿ ಪಂಪು ನಿಂತರೆ ಮೀನಿಗೆ ಉಸಿರು ಸಾಲುವುದಿಲ್ಲ. ಚೆಂಬಿನಲ್ಲಿ ನೀರೆತ್ತಿ ಮೇಲಿನಿಂದ ತೊಟ್ಟಿಗೇ ಸುರಿಯುತ್ತಿರಿ. ತಿಂಡಿ ಕಡಿಮೆ ಹಾಕಿ. ನಿಮ್ಮ ಕೈ ದೊಡ್ಡದು, ಮನುಷ್ಯರಿಗೂ ಮೀನಿಗೂ ಒಂದೇ ಹಾಗೆ ಬಡಿಸುತ್ತೀರಿ.

ಈ ಹಾಸ್ಟೆಲಿನ ಅಡುಗೆಮನೆಗೆ ಗೋಣಿಯಲ್ಲಿ ಬರುವ ಸೊಪ್ಪನ್ನು ತೊಳೆದಷ್ಟೂ ಹುಳದ ಮದ್ದಿನ ವಾಸನೆ ಹೋಗುವುದಿಲ್ಲ. ತೊಳೆಸುವ ಕೆಲಸ ನನ್ನದು. "ಅಮ್ಮನಿಗೆ ಇಂಥದ್ದು ತಿನ್ನಿಸಬಾರದು" ಎಂದು ಅವರು ಹಟ ಮಾಡಿ ಡ್ರಮ್ಮು ಸೀಳಿದ್ದು ಆಗ ನೆನಪಾಗುತ್ತದೆ. ತೊಟ್ಟಿಯ ವಿಷಯ ಮಾತ್ರ ಎಂದಿದ್ದೆ. ಇದೂ ತೊಟ್ಟಿಯ ವಿಷಯವೇ.

ದೀಕ್ಷಿತಾ


ಕೆಮ್ಮಣ್ಣು
20 ಮೇ 2024

ಮಗಾ ದೀಕ್ಷಿತಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದೆಂದು ಹಟ ಹಿಡಿದಿದ್ದೆ. ಈಗ ಬರೆಯದೆ ದಾರಿಯಿಲ್ಲ. ತಪ್ಪು ಮಾಡಿದ್ದೇನೆ, ಸರಿ ಮಾಡುವುದು ಹೇಗೆಂದು ಹೇಳು. ಲಿಯೋನೆಲ್ ಪಂಪಿನ ಸಾಮಾನಿಗೆಂದು ಮಣಿಪಾಲಕ್ಕೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡು. ಫೋನು ಮಾಡಬಹುದಿತ್ತು. ನಿನ್ನ ಧ್ವನಿ ಕೇಳಿದರೆ ತಪ್ಪು ಒಪ್ಪಿಕೊಳ್ಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಮೀನುಗಳ ರೆಕ್ಕೆಯ ಬುಡದಲ್ಲಿ ಬಿಳಿ ಹತ್ತಿಯಂಥದು ಹತ್ತಿಕೊಂಡಿತು. ಒಂದರಿಂದ ಇನ್ನೊಂದಕ್ಕೆ ಹಬ್ಬಿತು. ಲಿಯೋನೆಲ್ ಬಂದು ನೋಡಿ, "ಹುಷಾರಿಲ್ಲದ್ದನ್ನೆಲ್ಲ ತೆಗೆದು ಬಿಸಾಡಿ ಅಕ್ಕುಬಾಯಿ, ಇಲ್ಲದಿದ್ದರೆ ಉಳಿದದ್ದೂ ಹೋಗ್ತದೆ" ಎಂದ. ಧನರಾಜ ಬಿಟ್ಟು ಹೋದ ಮೀನನ್ನು ಬಿಸಾಡುವುದು! ಅವನನ್ನು ಬೈದು ಕಳಿಸಿದೆ.

ನಾವು ಕಡಲಿನವರು. ಬಲೆಯ ಹಗ್ಗ ಕುಯ್ದರೂ ಮೀನಿನ ಮುಳ್ಳು ಚುಚ್ಚಿದರೂ ಗಾಯವನ್ನು ಕಡಲ ನೀರಿನಲ್ಲಿ ಅದ್ದಿ ವಾಸಿ ಮಾಡಿಕೊಂಡವರು. ಮನುಷ್ಯರಿಗೆ ಆಗುವ ಮದ್ದು ಮೀನಿಗೆ ಆಗದೇ ಎಂದುಕೊಂಡು ಕೊಡ ತೆಗೆದುಕೊಂಡು ಹೂಡೆಯ ಕಡಲಿಗೆ ಹೋದೆ. ಬೋಟು ಮುಳುಗಿದ ಮೇಲೆ ನಾನು ಆ ಕಡೆ ಮುಖ ಹಾಕಿರಲಿಲ್ಲ. ನೀರಿಗೆ ಇಳಿದು ನಿಂತು, ನೀನು ತೆಗೆದುಕೊಂಡದ್ದು ಸಾಕು, ಇವುಗಳನ್ನಾದರೂ ಉಳಿಸು ಎಂದು ಗಟ್ಟಿಯಾಗಿ ಹೇಳಿದೆ. ಬಲೆ ಒಣಗಿಸುತ್ತಿದ್ದವರು ತಿರುಗಿ ನೋಡಿದರು. ನೋಡಲಿ.

ಒಂದು ಕೊಡ ಸಾಲದೆಂದು ಮತ್ತೆ ಮತ್ತೆ ಹೋಗಿ ತಂದು ಸುರಿದೆ. ಬಿಳಿಯದ್ದು ಹೋಯಿತು. ಮೀನುಗಳು ಚುರುಕಾದವು, ತಿಂಡಿಗೆ ಮೇಲೆ ಬಂದವು. ನನ್ನಂಥ ಜಾಣೆ ಯಾರಿದ್ದಾರೆ ಎಂದು ಅಂಗಳದಲ್ಲಿ ಒಬ್ಬಳೇ ಹೆಮ್ಮೆಪಟ್ಟುಕೊಂಡೆ. ಆಮೇಲೆ ನೋಡಿದರೆ ಬಸಳೆಯ ಎಲೆಯ ಅಂಚು ಬೆಂಕಿ ತಾಗಿದ ಹಾಗೆ ಕಂದು. ಹರಿವೆ ಮಲಗಿತು. ಬೆಂಡೆ ಹೂವು ಉದುರಿಸಿ ನಿಂತಲ್ಲೇ ಒಣಗಿತು. ಈಗ ನೀರನ್ನು ತಿಳಿ ಮಾಡುವವರೇ ಇಲ್ಲ. ನೀರು ನಾರುತ್ತಿದೆ, ಮೀನುಗಳು ಬಾಯಿ ಮೇಲೆ ಮಾಡಿಕೊಂಡು ಏದುಸಿರು ಬಿಡುತ್ತಿವೆ. ಬೆಳಿಗ್ಗೆಯಿಂದ ಚೆಂಬಿನಲ್ಲಿ ಸುರಿಯುತ್ತ ಇದ್ದೇನೆ, ಕೈ ಬಿದ್ದುಹೋಗಿದೆ.

ಮೀನನ್ನು ಉಳಿಸಲು ಹೋಗಿ ಗಿಡವನ್ನು ಸುಟ್ಟೆ. ಗಿಡ ಸುಟ್ಟುಹೋದದ್ದರಿಂದ ಮೀನೂ ಉಳಿಯುವ ಹಾಗಿಲ್ಲ. ನಿನಗೆ ಅರ್ಥವಾಗುತ್ತದೆ. ನಾನು ಇದಕ್ಕಿಂತ ಬಿಡಿಸಿ ಬರೆಯುವುದಿಲ್ಲ.

ನಿನ್ನ ಮಾಮಿ
ಅಕ್ಕು


ಮಣಿಪಾಲ
20 ಮೇ 2024

ಪ್ರೀತಿಯ ಮಾಮಿಗೆ,

ಲಿಯೋನೆಲಣ್ಣನಿಗೆ ಚಾ ಕೊಟ್ಟು ಕೂರಿಸಿದ್ದೇನೆ. ಅವರು ಕುಡಿದು ಮುಗಿಸುವುದರೊಳಗೆ ಬರೆಯಬೇಕು.

ಮೊದಲು ತಿಂಡಿ ನಿಲ್ಲಿಸಿ. ಹಸಿವಿನಿಂದ ಅವು ಸಾಯುವುದಿಲ್ಲ. ತೊಟ್ಟಿಯ ನೀರನ್ನು ಒಂದೇ ಸಲ ಖಾಲಿ ಮಾಡಬೇಡಿ. ಇವತ್ತು ಸ್ವಲ್ಪ, ನಾಳೆ ಸ್ವಲ್ಪ ತೆಗೆದು ತೆಂಗಿನ ಬುಡಕ್ಕೆ ಹಾಕಿ, ತೆಂಗಿಗೆ ಆ ಉಪ್ಪು ತೊಂದರೆಯಿಲ್ಲ. ತೆಗೆದಷ್ಟು ಸಿಹಿನೀರು ಸೇರಿಸಿ. ಸುಟ್ಟ ಗಿಡಗಳನ್ನು ಕಿತ್ತುಬಿಡಿ, ಆದರೆ ಜಲ್ಲಿಯನ್ನು ತಿಕ್ಕಿ ತೊಳೆಯಬೇಡಿ. ನೀರನ್ನು ಹದ ಮಾಡುವ ಕಣ್ಣಿಗೆ ಕಾಣದ ಜೀವಗಳು ಅದರಲ್ಲೇ ಇರುವುದು. ಮಳೆ ಹಿಡಿದ ಮೇಲೆ ಬಸಳೆಯ ಬಳ್ಳಿ ನೆಡಿ. ಇನ್ನು ಮುಂದೆ ಮೀನಿಗೆ ಹುಷಾರಿಲ್ಲದಿದ್ದರೆ ಅದನ್ನು ಬೇರೆ ಬಕೆಟಿಗೆ ಹಾಕಿ ಅಲ್ಲಿ ಉಪ್ಪು ಕೊಡಿ. ನಿಮ್ಮ ಮದ್ದು ತಪ್ಪಲ್ಲ ಮಾಮಿ, ಕೊಟ್ಟ ಜಾಗ ತಪ್ಪು.

ನೀವು ಬಿಡಿಸಿ ಬರೆಯದೆ ಇದ್ದದ್ದು ಅರ್ಥವಾಯಿತು. ನಾನು ಸುಟ್ಟುಹೋಗಿಲ್ಲ. ಬಾಡಿದ್ದೇನೆ, ಅಷ್ಟೇ.

ಚಾ ಮುಗಿಯಿತು. ನಿಮ್ಮ ಕೈಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ
ದೀಕ್ಷಿತಾ


ಕೆಮ್ಮಣ್ಣು
14 ಜುಲೈ 2024

ಮಗಾ ದೀಕ್ಷಿತಾ,

ಮಳೆ ಚೆನ್ನಾಗಿ ಹಿಡಿದಿದೆ. ನೀನು ಹೇಳಿದ ಹಾಗೆಯೇ ಮಾಡಿದೆ. ನೀರು ಸಿಹಿಯಾಯಿತು, ವಾಸನೆ ಹೋಯಿತು. ಲಿಯೋನೆಲನ ತಾಯಿ ಬರ್ತಾಬಾಯಿ ಬಸಳೆಯ ಬಳ್ಳಿ ಕೊಟ್ಟರು, ಜಲ್ಲಿಯಲ್ಲಿ ಬೇರು ಹಿಡಿದು ಚಿಗುರಿದೆ. ಕೆಲವು ಮೀನು ಉಳಿಯಲಿಲ್ಲ. ಬಾವಿಯ ಬದಿಯಲ್ಲಿ ಗುಂಡಿ ತೆಗೆದು ಹೂತೆ, ಹೂಳುವಾಗ ಅಳು ಬಂತು. ಮಾರ್ಕೆಟಿನ ಹೆಂಗಸರಿಗೆ ಗೊತ್ತಾದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಮೊನ್ನೆ ಮಲ್ಪೆಗೆ ಹೋಗಿದ್ದೆ. ಯಾರೂ ಕರೆಯಲಿಲ್ಲ, ಕೆಲಸವೂ ಇರಲಿಲ್ಲ, ಸುಮ್ಮನೆ ಬಸ್ಸು ಹತ್ತಿದೆ. ಮಳೆಗಾಲಕ್ಕೆ ಮೀನುಗಾರಿಕೆ ನಿಂತು ಬೋಟುಗಳೆಲ್ಲ ಬಂದರಿನ ಧಕ್ಕೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಗಂಡಸರು ಬಲೆ ನೇಯುತ್ತಿದ್ದರು, ಹರಟೆ ಹೊಡೆಯುತ್ತಿದ್ದರು. ಧನರಾಜನ ಬೋಟಿನಲ್ಲಿದ್ದವರೂ ಇದ್ದರು. ನನ್ನನ್ನು ಕಂಡು ಎದ್ದು ನಿಂತರು. ನಾನು ಕೊನೆಯ ತನಕ ನಡೆದು ವಾಪಸು ಬಂದೆ. ಇಷ್ಟು ದಿನ ಕಡಲಿನಲ್ಲಿ ಬೋಟುಗಳಿದ್ದವು. ಯಾವುದೋ ಒಂದು ಬೋಟಿನಲ್ಲಿ, ಯಾವುದೋ ಬಂದರಿನಲ್ಲಿ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಈಗ ಎಲ್ಲವೂ ದಡದಲ್ಲಿವೆ ಮಗಾ. ಬರಬೇಕಾದವರೆಲ್ಲ ಬಂದಾಗಿದೆ.

ಬಸ್ಸಿನಲ್ಲಿ ವಾಪಸು ಬರುವಾಗ ಇನ್ನೊಂದು ವಿಷಯ ಹೊಳೆಯಿತು. ನಾನು ಕಡಲ ಮೀನು ಬಿಟ್ಟದ್ದು ಬೋಟು ಮುಳುಗಿದ ಸುದ್ದಿ ಬಂದ ದಿನವೇ. ಮಗ ಬದುಕಿದ್ದಾನೆಂದು ನಂಬಿದ ತಾಯಿ ಬಂಗುಡೆ ತಿನ್ನಲು ಯಾಕೆ ಅಸಹ್ಯಪಡಬೇಕು? ಬಾಯಿ ಬೇರೆ ಹೇಳುತ್ತಿತ್ತು, ಹೊಟ್ಟೆಗೆ ಮೊದಲ ದಿನವೇ ಗೊತ್ತಿತ್ತು. ಎಲ್ಲರಿಗೂ ಬೈದೆ, ನಿನ್ನನ್ನು ಕಾಪುವಿಗೆ ಓಡಿಸಿದೆ. ಹೊಟ್ಟೆಗೆ ಬೈಯಲು ಆಗಲಿಲ್ಲ.

ಇದಕ್ಕೆ ಈಗಲೇ ಉತ್ತರ ಬರೆಯಬೇಡ. ನನಗೆ ಸ್ವಲ್ಪ ಸಮಯ ಬೇಕು.

ನಿನ್ನ ಮಾಮಿ
ಅಕ್ಕು


ಕೆಮ್ಮಣ್ಣು
5 ಆಗಸ್ಟ್ 2024

ಮಗಾ ದೀಕ್ಷಿತಾ,

ನಿನ್ನೆ ಆಟಿ ಅಮಾವಾಸ್ಯೆ. ಬೂಬಣ್ಣ ಬೆಳಿಗ್ಗೆಯೇ, ಆ ದಿನ ಎಲ್ಲರೂ ಕುಡಿಯುವ ಹಾಲೆಮರದ ಕಷಾಯ ತಂದು ಕೊಟ್ಟ. ಕುಡಿದು ಲೋಟ ಇಟ್ಟು, ಇವತ್ತು ಧನರಾಜನಿಗೆ ಎಲೆ ಹಾಕುತ್ತೇನೆ ಎಂದೆ. ಅವನು ಬೆಚ್ಚಿಬಿದ್ದ.

"ಬೊಜ್ಜ ಆಗದೆ ಬಡಿಸುವ ಕ್ರಮ ಇಲ್ಲ ಅಕ್ಕು."

"ಕ್ರಮ ನೀವೆಲ್ಲ ಸೇರಿದ ದಿನ ಮಾಡುವ. ನನ್ನಿಂದ ಆಗ್ತದಾ ಅಂತ ನಾನು ಮೊದಲು ಒಬ್ಬಳೇ ನೋಡಬೇಕು" ಎಂದೆ. ಅವನು ಹೋಗಿ ಎಲೆ ಕೊಯ್ದು ತಂದ.

ತೊಟ್ಟಿಯಿಂದ ಒಂದು ಮೀನನ್ನು ಬುಟ್ಟಿಯಲ್ಲಿ ಎತ್ತಿದೆ. ಮದುವೆಯಾಗಿ ಬಂದಂದಿನಿಂದ ಎಷ್ಟು ಮೀನು ಕೊಯ್ದ ಕೈಯಿದು, ನಿನ್ನೆ ಕತ್ತಿಯ ಮಣೆಯ ಎದುರು ಕೂತು ಮೀನನ್ನು ಮತ್ತೆ ಮತ್ತೆ ತೊಳೆದೆ. ಆಮೇಲೆ ಕೊಯ್ದೆ. ಮೀನಿನ ಸಾರು, ಬಸಳೆಯ ಗಸಿ, ಕುಚ್ಚಲಕ್ಕಿ ಅನ್ನ. ಒಳಗಿನ ಕೋಣೆಯಲ್ಲಿ ದೀಪ ಹಚ್ಚಿ, ಎಲೆ ಹಾಕಿ ಬಡಿಸಿದೆ. "ಬಾ ಮಗಾ, ಉಣ್ಣು" ಎಂದು ಕರೆದೆ. ಇಷ್ಟು ತಿಂಗಳು ತಟ್ಟೆ ಇಟ್ಟು ಕರೆದದ್ದೂ ಇದೇ ಮಾತು. ಆಗ ಬಾಗಿಲು ತೆರೆದಿರುತ್ತಿತ್ತು. ನಿನ್ನೆ, ಹೋದವರಿಗೆ ಬಡಿಸಿದಾಗ ಮಾಡುವ ಹಾಗೆ, ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಜಗಲಿಯಲ್ಲಿ ಅಣ್ಣ ತಂಗಿ ಕೂತೆವು. ಮಳೆ ಬರುತ್ತಿತ್ತು. ಒಳಗಿನಿಂದ ಏನಾದರೂ ಶಬ್ದ ಕೇಳುತ್ತದೆಯೋ ಎಂದು ಕಿವಿ ಕೊಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಳಗಿನಿಂದ ಅವನು ಬಾಗಿಲು ತಟ್ಟಲಿ ಎಂದು ಆಗಲೂ ಬೇಡಿಕೊಂಡೆ. ಬೂಬಣ್ಣ ಕೆಮ್ಮಿ ಎದ್ದು ಬಾಗಿಲು ತೆರೆದ. ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಅದನ್ನು ಮನೆಯವರು ಉಣ್ಣಬೇಕಲ್ಲ. ಉಂಡೆವು. ಸಿಹಿನೀರಿನ ಮೀನೆಂದರೆ ಕೆಸರು ವಾಸನೆ ಎಂದು ಜೀವಮಾನವಿಡೀ ಮೂಗು ಮುರಿದವಳು ನಾನು. ವಾಸನೆ ಇರಲಿಲ್ಲ, ರುಚಿ ಇತ್ತು. ನಾನು ತಿಂದೆ ಮಗಾ.

"ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಆಯ್ತು ಅಲ್ವಾ?" ಎಂದ ಬೂಬಣ್ಣ. ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು.

ನಿನ್ನನ್ನು ಬೇಕೆಂದೇ ಕರೆಯಲಿಲ್ಲ. ಕರೆದಿದ್ದರೆ ನೀನು ನನ್ನ ಮುಖ ನೋಡಿ, ಬೇಡ ಮಾಮಿ, ಇನ್ನೂ ಸ್ವಲ್ಪ ದಿನ ಹೋಗಲಿ ಎನ್ನುತ್ತಿದ್ದೆ. ನಾನು ಅದಕ್ಕೇ ಕಾದವಳ ಹಾಗೆ ಎದ್ದುಬಿಡುತ್ತಿದ್ದೆ.

ಬೊಜ್ಜವನ್ನು ಆಟಿ ಕಳೆದು ಸೋಣ ತಿಂಗಳಲ್ಲಿ ಮಾಡುವುದೆಂದು ಮಾತಾಗಿದೆ. ದಿನ ಗೊತ್ತು ಮಾಡಿಕೊಂಡು ಬೂಬಣ್ಣ ಕಾಪುವಿಗೆ ಬಂದು ಕರೆಯುತ್ತಾನೆ. ನೀನು ಹಿಂದಿನ ದಿನವೇ ಬಾ. ಗಂಟಲು ಬಿಟ್ಟು ಅಳು, ನಿನ್ನ ಜೊತೆ ನಾನೂ ಇರುತ್ತೇನೆ. ಆಮೇಲೆ ಕರಿಮಣಿ ತೆಗೆಯುತ್ತೀಯೋ ಇಟ್ಟುಕೊಳ್ಳುತ್ತೀಯೋ, ಕೆಮ್ಮಣ್ಣಿನಲ್ಲಿ ಇರುತ್ತೀಯೋ ಕಾಪುವಿನಲ್ಲೋ, ಮುಂದೊಂದು ದಿನ ಬೇರೆ ಮನೆಗೆ ಹೋಗುತ್ತೀಯೋ, ಅದು ನಿನ್ನ ಇಷ್ಟ. ಯಾರಾದರೂ ಪ್ರಶ್ನೆ ಕೇಳಿದರೆ ಕೆಮ್ಮಣ್ಣಿಗೆ ಕಳಿಸು. ಮಾರ್ಕೆಟಿನಲ್ಲಿ ಪಳಗಿದ ಬಾಯಿ ಇದು, ಉತ್ತರ ನಾನು ಕೊಡುತ್ತೇನೆ.

ಇನ್ನು ಒಂದೇ ಮಾತು ಉಳಿದಿದೆ. ಅದನ್ನು ನಿನಗೆ ಹೇಳಬೇಕಾದವಳು ನಾನೇ, ಬೇರೆಯವರಲ್ಲ.

ದೀಕ್ಷಿತಾ, ನನ್ನ ಮಗ ಸತ್ತಿದ್ದಾನೆ.

ಇದನ್ನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆದುಬಿಟ್ಟೆ. ಅವನ ಜೊತೆ ಮಾತಾಡುತ್ತಿದ್ದ ತುಳುವಿನಲ್ಲಿ ಇನ್ನೂ ಬಾಯಿಂದ ಹೊರಟಿಲ್ಲ. ನೀನು ಬಂದ ಮೇಲೆ ನಿನ್ನ ಕೈ ಹಿಡಿದುಕೊಂಡು ಹೇಳುತ್ತೇನೆ.

ನಿನ್ನ ಮಾಮಿ
ಅಕ್ಕು